ಲಕೋಟೆಯ ಮೇಲೆ ಒಂದು ವಿಳಾಸ, ಓದುವವರು ಇನ್ನೊಬ್ಬರು

ವಾಟ್ಸಾಪ್‌ನಲ್ಲಿ ಆಗಾಗ ಒಂದು ಬಗೆಯ ವಿಡಿಯೋ ಓಡಾಡುತ್ತದೆ. ನೀವೂ ನೋಡಿರುತ್ತೀರಿ. ವೇದಿಕೆ ಮೇಲೆ ಒಬ್ಬ ಪಾದ್ರಿ, ಒಬ್ಬ ಮೌಲಾನಾ. ಒಬ್ಬರು ಬೈಬಲಿನ ಅಧ್ಯಾಯ, ವಚನದ ಸಂಖ್ಯೆ ಹೇಳುತ್ತಾರೆ. ಇನ್ನೊಬ್ಬರು ಕುರಾನಿನ ಸೂರಾ, ಆಯತ್ ಹೇಳುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ಮೂರು ನಿಮಿಷಕ್ಕೆ ಕತ್ತರಿಸಿದ ಆ ತುಣುಕಿನ ಮೇಲೆ ದಪ್ಪ ಅಕ್ಷರದಲ್ಲಿ ‘ಬಾಯಿ ಮುಚ್ಚಿಸಿದರು’ ಎಂದು ಬರೆದಿರುತ್ತದೆ. ಅದೇ ಸಭೆಯ ಇನ್ನೊಂದು ತುಣುಕು ಇನ್ನೊಂದು ಗುಂಪಿನಲ್ಲಿ ಓಡುತ್ತಿರುತ್ತದೆ. ಅದರ ಮೇಲೂ ‘ಬಾಯಿ ಮುಚ್ಚಿಸಿದರು’ ಅಂತಲೇ ಇರುತ್ತದೆ. ಮುಚ್ಚಿದ ಬಾಯಿ ಮಾತ್ರ ಬೇರೆಯವರದ್ದು.

ಇಂಥ ವಿಡಿಯೋವನ್ನು ಯಾರು ಯಾರಿಗೆ ಕಳಿಸುತ್ತಾರೆ ಗಮನಿಸಿದ್ದೀರಾ? ಮುಸ್ಲಿಂ ಗೆಳೆಯನಿಗೆ ಮುಸ್ಲಿಂ ಗೆಳೆಯ ಕಳಿಸುತ್ತಾನೆ. ಕ್ರೈಸ್ತರ ಗುಂಪಿಗೆ ಕ್ರೈಸ್ತರೇ ಹಾಕುತ್ತಾರೆ. ಮಾತು ಆ ಕಡೆಯವರ ಜೊತೆ, ಕೇಳುವ ಕಿವಿ ಈ ಕಡೆಯವರದ್ದು. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಚಾಳಿ ಅಂದುಕೊಂಡರೆ ತಪ್ಪು. ಇದಕ್ಕೆ 1300 ವರ್ಷದ ಹಿನ್ನೆಲೆ ಇದೆ.

ಈ ಎರಡು ಧರ್ಮದವರು ಒಬ್ಬರ ಬಗ್ಗೆ ಒಬ್ಬರು ಬರೆದದ್ದನ್ನೆಲ್ಲ ಪಟ್ಟಿ ಮಾಡುವ ಕೆಲಸಕ್ಕೆ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಡೇವಿಡ್ ಥಾಮಸ್ ಮತ್ತು ಅವರ ಜೊತೆಯವರು ಕೈ ಹಾಕಿದ್ದರು. ಮೊದಲ ಸಂಪುಟ 2009ರಲ್ಲಿ ಬಂತು. ಅದು ಕ್ರಿ.ಶ. 600ರಿಂದ 900ರವರೆಗಿನ ಬರಹಗಳದ್ದು. ಅಲ್ಲಿಂದ 1914ರವರೆಗೆ ಬರುವಷ್ಟರಲ್ಲಿ ಸಂಪುಟಗಳ ಸಂಖ್ಯೆ ಇಪ್ಪತ್ತನ್ನು ದಾಟಿತು. ಸುಮ್ನೆ ಪಟ್ಟಿಗೇ ಅಷ್ಟು ಜಾಗ ಬೇಕಾಯಿತು. ಆ ರಾಶಿಯಲ್ಲಿ ಬೈಗುಳವಿದೆ, ಪತ್ರವಿದೆ, ಅನುವಾದವಿದೆ, ಪ್ರವಾಸಕಥನವಿದೆ, ಕೈದಿಗಳ ಅಳಲಿದೆ. ಅದನ್ನು ಓದುವಾಗ ನಾನು ಮೊದಲು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದನ್ನು ಬರೆದದ್ದು ಯಾರು ಓದಲಿ ಅಂತ? ‘ಏನು ಬರೆದಿದ್ದಾರೆ’ ಎನ್ನುವುದು ಆಮೇಲಿನ ಮಾತು.

ಡಮಾಸ್ಕಸ್‌ನಿಂದ ಶುರು ಮಾಡೋಣ. ಎಂಟನೇ ಶತಮಾನದ ಮೊದಲ ಭಾಗ. ಅಲ್ಲಿನ ಯೋಹಾನ ಎಂಬ ಕ್ರೈಸ್ತ ಪಂಡಿತರ ಮನೆತನ ಮೂರು ತಲೆಮಾರಿನಿಂದ ಸರ್ಕಾರಿ ಲೆಕ್ಕಪತ್ರ ನೋಡಿಕೊಂಡು ಬಂದದ್ದು. ಅಜ್ಜ ಮನ್ಸೂರ್ ಬೈಜಾಂಟೈನ್ ದೊರೆಗಳ ಕಾಲದವರು. ಅಪ್ಪ ಸರ್ಜೂನ್ ಉಮಯ್ಯದ್ ಖಲೀಫರ ಕೈಕೆಳಗೆ ದುಡಿದವರು. ಮುಸ್ಲಿಂ ದೊರೆತನವನ್ನು ಒಳಗಿನಿಂದ ಕಂಡ ಮನೆ ಅದು. ಯೋಹಾನರು ಮುಂದೆ ಜೆರುಸಲೇಮ್ ಹತ್ತಿರದ ಮಾರ್ ಸಾಬಾ ಮಠ ಸೇರಿದರು. ಕ್ರೈಸ್ತರೊಳಗೆ ಹುಟ್ಟಿದ ತಪ್ಪು ಪಂಥಗಳ ಒಂದು ದೊಡ್ಡ ಪಟ್ಟಿ ಬರೆದರು. ಪಟ್ಟಿಯ ಕೊನೆಗೆ ಇಸ್ಲಾಂ ಬರುತ್ತದೆ. ‘ಇಷ್ಮಾಯೇಲರ ಪಂಥ’ ಎಂದು ಕರೆದು, ಗೇಲಿ ಮಾಡಿ, ಕೆಲವೇ ಪುಟದಲ್ಲಿ ಮುಗಿಸುತ್ತಾರೆ. ಅದೊಂದು ಹೊಸ ಧರ್ಮ ಅಂತಲೂ ಅವರಿಗೆ ಅನಿಸಿಲ್ಲ. ನಮ್ಮದೇ ಮರದ ಡೊಂಕು ಕೊಂಬೆ ಎಂಬ ಧೋರಣೆ.

ಅಷ್ಟು ಬಿಸಿಯಾಗಿ ಬರೆದೂ ಅವರು ಹೇಗೆ ಉಳಿದರು? ಬರೆದದ್ದು ಗ್ರೀಕ್‌ನಲ್ಲಿ. ಖಲೀಫ ಅಬ್ದುಲ್ ಮಲಿಕ್ ಅಷ್ಟರಲ್ಲಾಗಲೇ ಕಚೇರಿಯ ಲೆಕ್ಕವನ್ನು ಗ್ರೀಕ್‌ನಿಂದ ಅರಬಿಗೆ ಬದಲಿಸಿದ್ದರು. ಅಂದರೆ ಯೋಹಾನರ ಬರಹ ಮಠದ ಗೋಡೆಯೊಳಗಿನ ಮಾತು. ತಮಾಷೆ ನೋಡಿ, ಇದೇ ಯೋಹಾನರು ದೇವರ ಚಿತ್ರಗಳನ್ನು ಒಡೆಯುವುದು ತಪ್ಪು ಎಂದು ಕ್ರೈಸ್ತ ಚಕ್ರವರ್ತಿ ಮೂರನೇ ಲಿಯೋನ ವಿರುದ್ಧವೂ ಗಟ್ಟಿಯಾಗಿ ಬರೆದರು. ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದು ಬರೆದಿದ್ದರೆ ಕಷ್ಟವಾಗುತ್ತಿತ್ತು. ಮುಸ್ಲಿಮರ ಆಳ್ವಿಕೆಯಲ್ಲಿದ್ದ ಕಾರಣ ಚಕ್ರವರ್ತಿಯ ಕೈ ಅವರವರೆಗೆ ಚಾಚಲಿಲ್ಲ.

ಈಗ ಬಾಗ್ದಾದಿಗೆ ಬನ್ನಿ. ಸುಮಾರು 781. ಪೂರ್ವದ ಸಿರಿಯಾಕ್ ಸಭೆಯ, ಅಂದರೆ ಚರ್ಚಿನ, ಮುಖ್ಯಸ್ಥ ಒಂದನೇ ತಿಮೊಥೆಯ, ಖಲೀಫ ಅಲ್ ಮಹ್ದಿಯ ಎದುರು ಎರಡು ದಿನ ಕೂರುತ್ತಾರೆ. ಈ ಸಭೆಯನ್ನು ದೂರದ್ದು ಅಂದುಕೊಳ್ಳಬೇಡಿ. ಕೇರಳದ ಸಿರಿಯನ್ ಕ್ರೈಸ್ತರಿಗೆ ಶತಮಾನಗಳ ಕಾಲ ಬಿಷಪ್‌ಗಳು ಬಂದದ್ದು ಇದೇ ಸಭೆಯಿಂದ. ಬೆಳ್ತಂಗಡಿ, ಭದ್ರಾವತಿ ಕಡೆ ಬಂದು ರಬ್ಬರು, ಅಡಿಕೆ ಹಾಕಿಕೊಂಡಿರುವ ಸಿರಿಯನ್ ಕ್ರೈಸ್ತ ಮನೆಗಳ ಬೇರು ಹಿಡಿದು ಹೋದರೆ ಈ ತಿಮೊಥೆಯರ ಅಂಗಳಕ್ಕೆ ತಲುಪುತ್ತೀರಿ.

ಖಲೀಫರ ಪ್ರಶ್ನೆಗಳು ನೇರ. ದೇವರಿಗೆ ಮಗ ಹೇಗೆ? ಮೂರು ಹೇಗೆ ಒಂದಾಗುತ್ತದೆ? ನಿಮ್ಮ ಗ್ರಂಥದಲ್ಲಿ ನಮ್ಮ ಪ್ರವಾದಿಯ ಸುದ್ದಿ ಇತ್ತಲ್ಲ, ಅದನ್ನು ಅಳಿಸಿದಿರಾ? ಕೊನೆಗೆ ಎಲ್ಲಕ್ಕಿಂತ ಇಕ್ಕಟ್ಟಿನ ಪ್ರಶ್ನೆ. ಮುಹಮ್ಮದರ ಬಗ್ಗೆ ನೀನು ಏನು ಹೇಳುತ್ತೀಯ?

ಹೌದು, ಅವರು ಪ್ರವಾದಿ ಎಂದರೆ ತಿಮೊಥೆಯರು ಕ್ರೈಸ್ತರಾಗಿ ಉಳಿಯುವುದಿಲ್ಲ. ಅಲ್ಲ ಎಂದರೆ ಅರಮನೆಯಿಂದ ವಾಪಸ್ ಹೋಗುವುದೇ ಅನುಮಾನ. ಅವರು ಹೇಳಿದ ಉತ್ತರ ಇವತ್ತಿಗೂ ಪಂಡಿತರ ತಲೆ ತಿನ್ನುತ್ತದೆ. ಮುಹಮ್ಮದರು ಪ್ರವಾದಿಗಳ ದಾರಿಯಲ್ಲಿ ನಡೆದರು, ಅವರು ಹೊಗಳಿಕೆಗೆ ತಕ್ಕವರು ಎಂದರು. ಜನರನ್ನು ವಿಗ್ರಹಗಳಿಂದ ಬಿಡಿಸಿ ಒಬ್ಬ ದೇವರ ಕಡೆ ತಿರುಗಿಸಿದರಲ್ಲ, ಅದಕ್ಕೆ. ಪ್ರವಾದಿ ಎಂದರೋ? ಅನ್ನಲಿಲ್ಲ. ಅಲ್ಲ ಎಂದರೋ? ಅದನ್ನೂ ಅನ್ನಲಿಲ್ಲ. ಇದನ್ನು ಜಾಣತನ ಎನ್ನುವವರಿದ್ದಾರೆ. ನನಗೆ ಅದರಲ್ಲಿ ಜಾಣತನಕ್ಕಿಂತ ಜಾಸ್ತಿ ಏನೋ ಕಾಣುತ್ತದೆ. ಎದುರಿಗೆ ಕೂತವನನ್ನು ನೋಯಿಸದೆ, ತನ್ನ ನಂಬಿಕೆಯನ್ನೂ ಬಿಡದೆ ಎಷ್ಟು ದೂರ ಹೋಗಬಹುದೋ ಅಷ್ಟು ದೂರ ಅವರು ಹೋದರು.

ಅದೇ ಮಾತುಕತೆಯಲ್ಲಿ ಮುತ್ತಿನ ಕತೆಯೂ ಬರುತ್ತದೆ. ಕತ್ತಲ ರಾತ್ರಿ, ಜನ ತುಂಬಿದ ಮನೆ. ಒಂದು ಮುತ್ತು ನೆಲಕ್ಕೆ ಬೀಳುತ್ತದೆ. ಎಲ್ಲರೂ ತಡಕಾಡುತ್ತಾರೆ. ಮುತ್ತು ಸಿಕ್ಕಿದ್ದು ಒಬ್ಬನಿಗೆ. ಉಳಿದವರ ಕೈಯಲ್ಲಿ ಕಲ್ಲು, ಗಾಜು, ಮಣ್ಣು. ಆದರೆ ಬೆಳಕು ಬರುವ ತನಕ ಎಲ್ಲರಿಗೂ ತಮ್ಮ ಕೈಯಲ್ಲಿರುವುದೇ ಮುತ್ತು ಎಂಬ ಹೆಮ್ಮೆ. ಹಾಗಾದರೆ ಈ ಲೋಕದಲ್ಲಿ ಮುತ್ತು ಯಾರ ಬಳಿ ಇದೆ ಅಂತ ಗೊತ್ತೇ ಆಗುವುದಿಲ್ಲವಾ ಎಂದು ಖಲೀಫ ಕೇಳುತ್ತಾರೆ. ಸ್ವಲ್ಪ ಗೊತ್ತಾಗುತ್ತದೆ, ಒಳ್ಳೆಯ ಕೆಲಸಗಳಿಂದ ಗೊತ್ತಾಗುತ್ತದೆ ಎಂಬುದು ತಿಮೊಥೆಯರ ಉತ್ತರ.

ಇಷ್ಟು ಚೆನ್ನಾಗಿದೆ ಅಲ್ವಾ? ಆದರೆ ಇಲ್ಲೂ ವಿಳಾಸ ನೋಡಬೇಕು. ಈ ಮಾತುಕತೆ ನಮಗೆ ಸಿಕ್ಕಿರುವುದು ತಿಮೊಥೆಯರು ತಮ್ಮ ಕಡೆಯ ಸೆರ್ಗಿಯಸ್ ಎಂಬವರಿಗೆ ಸಿರಿಯಾಕ್ ಭಾಷೆಯಲ್ಲಿ ಬರೆದ ಪತ್ರದಲ್ಲಿ. ಖಲೀಫರ ಕಡೆಯ ವರದಿ ಇಲ್ಲ. ಆ ಪತ್ರದಲ್ಲಿ ಪ್ರತಿ ಸುತ್ತಿನಲ್ಲೂ ಕೊನೆಯ ಮಾತು ತಿಮೊಥೆಯರದ್ದೇ. ಸಹಜ. ಇನ್ನೊಂದು ವಿಷಯ. ಇದೇ ಖಲೀಫ ತಿಮೊಥೆಯರಿಂದ ಒಂದು ಪುಸ್ತಕವನ್ನು ಅರಬಿಗೆ ಅನುವಾದ ಮಾಡಿಸಿಕೊಂಡರು. ಅರಿಸ್ಟಾಟಲನ ‘ಟಾಪಿಕ್ಸ್’. ಅದು ವಾದ ಮಾಡುವುದು ಹೇಗೆ ಎಂದು ಕಲಿಸುವ ಪುಸ್ತಕ! ಅನುವಾದಕ್ಕೆ ನೆರವಾದವರು ಮೋಸುಲ್‌ನ ಮುಸ್ಲಿಂ ರಾಜ್ಯಪಾಲರ ಕಾರ್ಯದರ್ಶಿಯಾಗಿದ್ದ ಅಬೂ ನೂಹ್ ಎಂಬ ಕ್ರೈಸ್ತ.

ಮುಂದಿನ ತಲೆಮಾರುಗಳಲ್ಲಿ ಕ್ರೈಸ್ತರೇ ಅರಬಿಯಲ್ಲಿ ಬರೆಯತೊಡಗಿದರು. ಹರ್ರಾನ್‌ನ ಬಿಷಪ್ ಥಿಯೊಡೋರ್ ಅಬೂ ಕುರ್ರಾ ಇವರಲ್ಲಿ ಮೊದಲಿಗರು. ಭಾಷೆ ಒಂದೇ ಆದಾಗ ಗೋಡೆ ತೆಳುವಾಗುತ್ತದೆ. ಪಕ್ಕದ ಮನೆಯವನಿಗೂ ಕೇಳಿಸುತ್ತದೆ. ಬೈಗುಳ ಕಡಿಮೆಯಾಗಿ ತರ್ಕ ಹೆಚ್ಚಾಗುತ್ತದೆ. ಮುಸ್ಲಿಂ ಕಡೆಯಿಂದ ಅಲ್ ಜಾಹಿಜ್‌ನಂಥ ಚೂಪು ಪೆನ್ನಿನವರು ತಿರುಗಿಸಿ ಬರೆದರು. ಹತ್ತನೇ ಶತಮಾನದಲ್ಲಿ ಯಹ್ಯಾ ಇಬ್ನ್ ಅದೀ ಎಂಬ ಕ್ರೈಸ್ತ ತತ್ವಜ್ಞಾನಿ ಬಾಗ್ದಾದಿನಲ್ಲಿದ್ದರು. ಗುರು ಅಲ್ ಫಾರಾಬಿ, ಮುಸ್ಲಿಂ. ಶಿಷ್ಯರಲ್ಲಿ ಎರಡೂ ಕಡೆಯವರು. ಹೊಟ್ಟೆಪಾಡಿಗೆ ಹಸ್ತಪ್ರತಿ ನಕಲು ಮಾಡುವ ಕೆಲಸ. ಅಲ್ ತಬರಿಯ ಭಾರೀ ಕುರಾನ್ ವ್ಯಾಖ್ಯಾನವನ್ನು ಎರಡು ಸಲ ಪೂರ್ತಿ ಕೈಯಾರೆ ನಕಲು ಮಾಡಿದ್ದೇನೆ, ರಾತ್ರಿ ಹಗಲು ಸೇರಿ ನೂರು ಹಾಳೆ ಬರೆಯುತ್ತೇನೆ ಎಂದು ಅವರು ಗೆಳೆಯ ಇಬ್ನ್ ಅಲ್ ನದೀಮ್ ಬಳಿ ಹೇಳಿಕೊಂಡಿದ್ದರು. ಅಂಥ ದೊಡ್ಡ ವ್ಯಾಖ್ಯಾನ ಒಬ್ಬ ಕ್ರೈಸ್ತನ ಅಕ್ಷರದಲ್ಲಿ ದೊರೆಗಳ ಮನೆ ಸೇರಿತು. ಈ ಸಂಬಂಧದ ಬಗ್ಗೆ ವಾದದ ಪುಸ್ತಕಗಳಿಗಿಂತ ಈ ಒಂದು ಸಂಗತಿ ನನಗೆ ಹೆಚ್ಚು ಹೇಳುತ್ತದೆ.

ಹಾಗಂತ ಬಾಗ್ದಾದನ್ನು ಚಿನ್ನದ ಕಾಲ ಅಂತ ಪೂಜಿಸಬೇಕಾಗಿಲ್ಲ. ಕ್ರೈಸ್ತರು ಅಲ್ಲಿ ಜಿಜಿಯಾ ತೆರಿಗೆ ಕೊಡುವ ಪ್ರಜೆಗಳು. ಆಳುವವನ ಎದುರು ನಿಂತು ಬರೆಯುವವನ ಮರ್ಯಾದೆಯಲ್ಲಿ ಎಷ್ಟು ಪಾಲು ಗೌರವ, ಎಷ್ಟು ಪಾಲು ಅಂಜಿಕೆ ಎಂದು ತೂಗುವುದು ಕಷ್ಟ.

ಕ್ರುಸೇಡಿನ, ಅಂದರೆ ಜೆರುಸಲೇಮಿಗಾಗಿ ಯುರೋಪಿನ ಕ್ರೈಸ್ತರು ನಡೆಸಿದ ಯುದ್ಧಗಳ, ಕಾಲಕ್ಕೆ ಬಂದರೆ ಎಲ್ಲರೂ ಕತ್ತಿಯ ಕತೆಯೇ ಹೇಳುತ್ತಾರೆ. ನಾನು ಉಸಾಮಾ ಇಬ್ನ್ ಮುನ್ಕಿಜ್‌ರ ಕತೆ ಹೇಳುತ್ತೇನೆ. ಸಿರಿಯಾದ ಶೈಜರ್ ಕೋಟೆಯ ಮನೆತನದವರು, 1095ರಲ್ಲಿ ಹುಟ್ಟಿ 93 ವರ್ಷ ಬಾಳಿದವರು. ಜೆರುಸಲೇಮಿಗೆ ಹೋದಾಗ ಅಲ್ ಅಕ್ಸಾ ಪಕ್ಕದ ಚಿಕ್ಕ ಮಸೀದಿಯಲ್ಲಿ ನಮಾಜು ಮಾಡುತ್ತಿದ್ದರು. ಅದು ಆಗ ಚರ್ಚ್ ಆಗಿತ್ತು. ಅಲ್ಲಿದ್ದ ಟೆಂಪ್ಲರ್ ಎಂಬ ಕ್ರೈಸ್ತ ಯೋಧರು ಇವರ ಗೆಳೆಯರು, ಜಾಗ ಬಿಡಿಸಿಕೊಡುತ್ತಿದ್ದರು. ಒಂದು ದಿನ ಒಬ್ಬ ಫ್ರಾಂಕ್, ಅಂದರೆ ಯುರೋಪಿನ ಕ್ರೈಸ್ತ, ಬಂದು ಇವರನ್ನು ಹಿಡಿದು ಪೂರ್ವಕ್ಕೆ ತಿರುಗಿಸಿ, ಹೀಗೆ ಪ್ರಾರ್ಥನೆ ಮಾಡು ಅಂದ. ಟೆಂಪ್ಲರ್‌ಗಳು ಅವನನ್ನು ಎಳೆದು ಹಾಕಿದರು. ಅವನು ಮತ್ತೆ ಬಂದ. ಈ ಸಲ ಹೊರಗೆ ದಬ್ಬಿ, ಉಸಾಮಾರ ಕ್ಷಮೆ ಕೇಳಿದರು. ಇವನು ಊರಿಗೆ ಹೊಸಬ, ಪೂರ್ವಕ್ಕೆ ಮುಖ ಮಾಡದೆ ಪ್ರಾರ್ಥಿಸುವವರನ್ನು ಕಂಡೇ ಇಲ್ಲ ಎಂದರು. ಇದೇ ಉಸಾಮಾ ಫ್ರಾಂಕರ ಹೆಸರು ಬಂದಲ್ಲೆಲ್ಲ ಶಾಪ ಹಾಕುತ್ತಾರೆ. ಶಾಪ ಓದುಗರಿಗಾಗಿ, ಗೆಳೆತನ ತನಗಾಗಿ ಇರಬೇಕು.

ಒಬ್ಬನೇ ಬರಹಗಾರ ಎರಡು ವಿಳಾಸಕ್ಕೆ ಬರೆದಾಗ ದನಿ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಡಮಾಸ್ಕಸ್‌ನ ಮುಸ್ಲಿಂ ವಿದ್ವಾಂಸ ಇಬ್ನ್ ತೈಮಿಯಾ ಒಳ್ಳೆಯ ಉದಾಹರಣೆ. ಸೈಪ್ರಸ್‌ನ ಕ್ರೈಸ್ತರಿಂದ 1316ರಲ್ಲಿ ಅವರಿಗೊಂದು ಪತ್ರ ಬಂತು. ಕುರಾನಿನ ವಾಕ್ಯಗಳನ್ನೇ ಹಿಡಿದು ಕ್ರೈಸ್ತ ನಂಬಿಕೆ ಸರಿ ಎಂದು ನಯವಾಗಿ ವಾದಿಸುವ ಪತ್ರ. ಇಬ್ನ್ ತೈಮಿಯಾ ಅದಕ್ಕೆ ಸಂಪುಟಗಟ್ಟಲೆ ಉತ್ತರ ಬರೆದರು, ಒಂದು ಮಾತನ್ನೂ ಬಿಟ್ಟುಕೊಡಲಿಲ್ಲ. ಅವರದ್ದೇ ಇನ್ನೊಂದು ಚಿಕ್ಕ ಪತ್ರವಿದೆ, ಸೈಪ್ರಸ್‌ನ ಕ್ರೈಸ್ತ ದೊರೆಗೆ ಬರೆದದ್ದು. ನಿಮ್ಮಲ್ಲಿ ಸೆರೆಯಾಗಿರುವ ಮುಸ್ಲಿಮರನ್ನು ಚೆನ್ನಾಗಿ ನೋಡಿಕೊಳ್ಳಿ ಎಂಬ ಮನವಿ. ಮಂಗೋಲರ ಜೊತೆ ಮಾತಾಡಿ ಕೈದಿಗಳನ್ನು ಬಿಡಿಸಿದಾಗ ನಾವು ಮುಸ್ಲಿಮರನ್ನಷ್ಟೇ ಕೇಳಲಿಲ್ಲ, ನಮ್ಮಲ್ಲಿದ್ದ ಕ್ರೈಸ್ತರನ್ನೂ ಯಹೂದಿಗಳನ್ನೂ ಬಿಡಲೇಬೇಕು ಎಂದು ಹಟ ಹಿಡಿದೆವು ಎಂದು ಅದರಲ್ಲಿ ನೆನಪಿಸುತ್ತಾರೆ. ಇವರ ಹೆಸರನ್ನು ಇವತ್ತು ಹಿಂಸೆಗೆ ಬಳಸಿಕೊಳ್ಳುವವರು ಈ ಎರಡನೇ ಪತ್ರವನ್ನು ಎತ್ತುವುದಿಲ್ಲ. ಇವರನ್ನು ಬೈಯುವವರೂ ಎತ್ತುವುದಿಲ್ಲ.

ಯುರೋಪಿನಲ್ಲಿ ನಡೆದದ್ದು ಬೇರೆ. ಫ್ರಾನ್ಸಿನ ಕ್ಲೂನಿ ಮಠದ ಮುಖ್ಯಸ್ಥ ಪೀಟರ್ 1142ರಲ್ಲಿ ಸ್ಪೇನಿಗೆ ಹೋದರು. ಖಗೋಳ, ರೇಖಾಗಣಿತದ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ರಾಬರ್ಟ್ ಎಂಬ ವಿದ್ವಾಂಸನಿಗೆ ಒಳ್ಳೆಯ ಹಣ ಕೊಟ್ಟು ಕುರಾನನ್ನು ಲ್ಯಾಟಿನ್‌ಗೆ ಅನುವಾದ ಮಾಡಿಸಿದರು. 1143ರಲ್ಲಿ ಮುಗಿಯಿತು. ಪಶ್ಚಿಮ ಯುರೋಪಿನ ಮೊದಲ ಪೂರ್ತಿ ಕುರಾನ್ ಅನುವಾದ ಅದು. ಆಮೇಲೆ ಪೀಟರ್ ತಾವೇ ಒಂದು ಖಂಡನೆ ಬರೆದರು. ಶುರುವಿನಲ್ಲಿ ಮುಸ್ಲಿಮರನ್ನೇ ಉದ್ದೇಶಿಸಿ ಹೇಳುತ್ತಾರೆ: ನಮ್ಮವರು ಬರುವ ಹಾಗೆ ನಾನು ಆಯುಧ ಹಿಡಿದು ಬರುತ್ತಿಲ್ಲ, ಮಾತು ಹಿಡಿದು ಬರುತ್ತಿದ್ದೇನೆ. ಬಲದಿಂದಲ್ಲ, ವಿವೇಕದಿಂದ. ದ್ವೇಷದಿಂದಲ್ಲ, ಪ್ರೀತಿಯಿಂದ.

ಎಂಥ ಚೆಂದದ ಮಾತು! ಆದರೆ ಬರೆದದ್ದು ಲ್ಯಾಟಿನ್‌ನಲ್ಲಿ. ಅಂಚೆಗೆ ಹಾಕದ ಪ್ರೇಮಪತ್ರ ಅನ್ನಬಹುದು, ಒಳಗೆ ಇರುವುದು ಖಂಡನೆ ಎಂಬುದನ್ನು ಮರೆತರೆ.

ಆ ಲ್ಯಾಟಿನ್ ಕುರಾನ್ ನಾನೂರು ವರ್ಷ ಹಸ್ತಪ್ರತಿಯಲ್ಲೇ ಓಡಾಡಿತು. 1543ರಲ್ಲಿ ಅಚ್ಚಾಯಿತು. ಊರು ಸ್ವಿಟ್ಜರ್ಲೆಂಡಿನ ಬಾಸೆಲ್. ಮುದ್ರಕ ಒಪೊರಿನಸ್‌ನನ್ನು ನಗರಸಭೆ ಜೈಲಿಗೆ ಹಾಕಿತು. ಮಾರ್ಟಿನ್ ಲೂಥರ್ ಮಧ್ಯೆ ಬಂದು, ಇದು ಅಚ್ಚಾಗಲೇಬೇಕು ಎಂದರು. ಪ್ರೀತಿಯಿಂದಲ್ಲ. ಜನ ಓದಿದರೆ ಇದರ ತಪ್ಪು ಅವರಿಗೇ ಗೊತ್ತಾಗುತ್ತದೆ ಎಂಬ ಲೆಕ್ಕದಿಂದ.

ಬಾಸೆಲ್ ಅಂದ ತಕ್ಷಣ ಮಂಗಳೂರಿನವರಿಗೆ ಹೆಂಚು ನೆನಪಾಗುತ್ತದೆ, ಕನ್ನಡ ಓದುವವರಿಗೆ ಮೋಗ್ಲಿಂಗ್, ಕಿಟ್ಟೆಲ್ ನೆನಪಾಗುತ್ತಾರೆ. ಆ ಎಳೆಯನ್ನು ಹಾಗೇ ಹಿಡಿದುಕೊಂಡಿರಿ. ಅದಕ್ಕೂ ಮುಂಚೆ ಲಾಹೋರಿಗೆ ಒಮ್ಮೆ ಹೋಗಿ ಬರೋಣ.

ಅಕ್ಬರನ ಕರೆಯ ಮೇಲೆ ಗೋವೆಯಿಂದ ಜೆಸ್ಯೂಟ್ ಪಾದ್ರಿಗಳು 1580ರಲ್ಲಿ ಫತೇಪುರ್ ಸಿಕ್ರಿಗೆ ಹೋದದ್ದು ಶಾಲೆಯಲ್ಲೇ ಓದಿದ್ದೇವೆ. ಅದಕ್ಕಿಂತ ಸ್ವಾರಸ್ಯ ಆಮೇಲಿನದ್ದು. 1595ರಲ್ಲಿ ಲಾಹೋರಿಗೆ ಬಂದ ಜೆರೋಮ್ ಜೇವಿಯರ್ ಪಾರಸಿ ಕಲಿತರು. ಅಬ್ದುಸ್ ಸತ್ತಾರ್ ಎಂಬ ಲಾಹೋರಿನ ಮುಸ್ಲಿಂ ವಿದ್ವಾಂಸರು ಅವರಿಗೆ ಬರವಣಿಗೆಯಲ್ಲಿ ಕೈಜೋಡಿಸಿದರು, ಬದಲಿಗೆ ತಾವು ಲ್ಯಾಟಿನ್ ಕಲಿತು ಗ್ರೀಕರ, ರೋಮನರ ಚರಿತ್ರೆಯನ್ನು ಪಾರಸಿಗೆ ತಂದರು. ಜೇವಿಯರ್ 1609ರಲ್ಲಿ ಜಹಾಂಗೀರನಿಗೆ ಒಂದು ಪುಸ್ತಕ ಒಪ್ಪಿಸಿದರು. ಹೆಸರು ‘ಆಯಿನಾ ಇ ಹಕ್ ನುಮಾ’, ಸತ್ಯ ತೋರಿಸುವ ಕನ್ನಡಿ. ಕ್ರೈಸ್ತ ನಂಬಿಕೆಯ ಪರವಾದ ವಾದ. ಅದು ಹೇಗೋ ಇರಾನಿನ ಇಸ್ಫಹಾನ್ ತಲುಪಿತು. ಅಲ್ಲಿನ ಸೈಯದ್ ಅಹ್ಮದ್ ಅಲವಿ 1622ರಲ್ಲಿ ಉತ್ತರ ಬರೆದರು. ಅವರ ಪುಸ್ತಕದ ಹೆಸರಿನ ಅರ್ಥ, ಕನ್ನಡಿಯ ಕೊಳೆ ಉಜ್ಜುವ ಸಾಧನ. ನಿಮ್ಮ ಕನ್ನಡಿ ಮಂಕಾಗಿದೆ, ತಾಳಿ ಸ್ವಲ್ಪ ಉಜ್ಜಿ ಕೊಡುತ್ತೇನೆ ಅಂತ! ಅದು ರೋಮ್ ಸೇರಿ, 1631ರಲ್ಲಿ ಗ್ವಾದಾನ್ಯೋಲಿ ಎಂಬ ಪಾದ್ರಿ ಅದಕ್ಕೆ ಲ್ಯಾಟಿನ್‌ನಲ್ಲಿ ಮರುಉತ್ತರ ಬರೆದರು, ಅರಬಿಯಲ್ಲೂ ಹೊರತಂದರು. ಮೊಗಲರ ಆಸ್ಥಾನದಲ್ಲಿ ಶುರುವಾದ ಮಾತು ಇಸ್ಫಹಾನ್ ಸುತ್ತಿ ರೋಮಿಗೆ ಹೋಯಿತು. ಈ ಸಾಲಿನಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ನಿಜವಾಗಿಯೂ ಓದಿದ್ದರು. ಅದು ಅಪರೂಪ.

ಈಗ ಬಾಸೆಲ್ ಎಳೆ. ಅಲ್ಲಿ 1815ರಲ್ಲಿ ಬಾಸೆಲ್ ಮಿಶನ್ ಹುಟ್ಟಿತು. ಅದರ ಮೊದಲ ಮಿಶನರಿಗಳು ಮಂಗಳೂರಿನಲ್ಲಿ ಇಳಿದದ್ದು 1834ರಲ್ಲಿ. ಅದಕ್ಕೂ ಮುಂಚೆ ಅದೇ ಸೆಮಿನರಿಯಲ್ಲಿ ಓದಿದ ಕಾರ್ಲ್ ಗಾಟ್ಲಿಬ್ ಫಾಂಡರ್ ಎಂಬ ಜರ್ಮನ್ ಯುವಕನನ್ನು ಕಾಕಸಸ್‌ನ ಶುಶಾ ಎಂಬ ಊರಿಗೆ ಕಳಿಸಿದ್ದರು. ಅಲ್ಲಿ 1829ರಲ್ಲಿ ಅವರು ‘ಮೀಜಾನುಲ್ ಹಕ್’ ಬರೆದರು. ಸತ್ಯದ ತಕ್ಕಡಿ ಎಂದರ್ಥ. ರಷ್ಯಾದ ಜಾರ್ 1835ರಲ್ಲಿ ಮಿಶನ್ ಮುಚ್ಚಿಸಿದ ಮೇಲೆ ಫಾಂಡರ್ ಭಾರತಕ್ಕೆ ಬಂದು, ಇಂಗ್ಲಿಷರ ಮಿಶನ್ ಸೇರಿ, 1841ರಲ್ಲಿ ಆಗ್ರಾದಲ್ಲಿ ನೆಲೆಸಿದರು. ಒಂದೇ ಸೆಮಿನರಿ, ಒಂದೇ ಕಾಲ. ಮಂಗಳೂರಿಗೆ ಬಂದವರು ಅಚ್ಚುಕೂಟ, ಪತ್ರಿಕೆ, ನಿಘಂಟಿನ ಕಡೆ ಹೋದರು. ಫಾಂಡರ್ ವಾದದ ಕಡೆ ಹೋದರು. ಮಂಗಳೂರಿನವರು ಮತಪ್ರಚಾರ ಬಿಟ್ಟಿದ್ದರು ಅಂತಲ್ಲ. ಆದರೆ ಮೋಗ್ಲಿಂಗ್ ದಾಸರ ಪದ ಹುಡುಕಿ ಅಚ್ಚು ಹಾಕಿಸುತ್ತಿದ್ದ ಹೊತ್ತಿನಲ್ಲೇ ಫಾಂಡರ್ ಉರ್ದುವಿನಲ್ಲಿ ತಕ್ಕಡಿ ಹಂಚುತ್ತಿದ್ದರು.

ಮಂಗಳೂರಿನ ಮಾತು ಬಂದಾಗ 1784 ನೆನಪಾಗದೆ ಇರುವುದಿಲ್ಲ. ಟಿಪ್ಪು ಸುಲ್ತಾನ್ ಕರಾವಳಿಯ ಕ್ಯಾಥೊಲಿಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಕರೆದೊಯ್ದ ವರ್ಷ ಅದು. ಆ ನೋವು ನಿಜ, ಆ ಮನೆಗಳ ನೆನಪಿನಲ್ಲಿ ಇನ್ನೂ ಇದೆ. ಆದರೆ ಟಿಪ್ಪು ಬಗ್ಗೆ ನಾವು ಓದುವ ಎಷ್ಟೋ ಕಾಗದ ಈಸ್ಟ್ ಇಂಡಿಯಾ ಕಂಪನಿಯ ಕೈ ದಾಟಿ ಬಂದದ್ದು. ಟಿಪ್ಪುವಿನ ಪಾರಸಿ ಪತ್ರಗಳನ್ನು ಆರಿಸಿ 1811ರಲ್ಲಿ ಇಂಗ್ಲಿಷಿಗೆ ತಂದವರು ಕಂಪನಿಯದ್ದೇ ಅಧಿಕಾರಿ ಕರ್ಕ್‌ಪ್ಯಾಟ್ರಿಕ್. ಅವರ ಓದುಗ ಲಂಡನ್ನಿನಲ್ಲಿದ್ದ. ಘಟನೆ ಸುಳ್ಳಾಗುವುದಿಲ್ಲ, ಆಯ್ಕೆ ಯಾರದ್ದು ಎಂಬುದು ಮಾತ್ರ ತಿಳಿದಿರಲಿ.

ಆಗ್ರಾಕ್ಕೆ ವಾಪಸ್. ಫಾಂಡರ್ ಪುಸ್ತಕ ಉಲೇಮಾಗಳ ಮನೆ ಮನೆಗೆ ಹೋಗುತ್ತಿತ್ತು. ಅವರ ಹಿಂದೆ ಕಂಪನಿ ಸರ್ಕಾರದ ನೆರಳಿತ್ತು. ಕೈರಾನಾ ಊರಿನ ರಹ್ಮತುಲ್ಲಾ ಎಂಬ ಮೌಲಾನಾ ಸವಾಲು ಹಾಕಿದರು. 1854ರ ಏಪ್ರಿಲ್ 10 ಮತ್ತು 11. ನೂರಾರು ಜನ ನೆರೆದರು. ಐದು ವಿಷಯ ಎಂದು ಒಪ್ಪಂದವಾಗಿತ್ತು. ಎರಡಕ್ಕೇ ಸಭೆ ಮುಗಿಯಿತು.

ಏಕೆಂದರೆ ರಹ್ಮತುಲ್ಲಾರ ಪಕ್ಕದಲ್ಲಿ ಡಾಕ್ಟರ್ ವಜೀರ್ ಖಾನ್ ಕೂತಿದ್ದರು. ಇಂಗ್ಲೆಂಡಿಗೆ ಹೋಗಿ ಬಂದವರು, ಆಗ್ರಾದಲ್ಲಿ ಸರ್ಕಾರಿ ವೈದ್ಯರು. ಬೈಬಲಿನ ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ಹೊಸ ವಿದ್ಯೆ ಆಗ ಜರ್ಮನಿಯಲ್ಲಿ, ಇಂಗ್ಲೆಂಡಿನಲ್ಲಿ ಬೆಳೆಯುತ್ತಿತ್ತು. ಐಕ್‌ಹಾರ್ನ್, ಹಾರ್ನ್ ಮುಂತಾದ ಕ್ರೈಸ್ತ ಪಂಡಿತರೇ ಬರೆದಿದ್ದರು. ಆ ಪುಸ್ತಕಗಳನ್ನು ವಜೀರ್ ಖಾನ್ ಓದಿದ್ದರು. ಫಾಂಡರ್ ಹಳೆಯ ಅರಬಿ ವಾದಗಳಿಗೆ ಉತ್ತರ ಸಿದ್ಧ ಮಾಡಿಕೊಂಡು ಬಂದಿದ್ದರು. ಎದುರಿನವರು ಅವರ ಯುರೋಪಿನದ್ದೇ ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು! ಯೋಹಾನನ ಮೊದಲ ಪತ್ರದ ಐದನೇ ಅಧ್ಯಾಯದ ಏಳನೇ ವಚನ ಆಮೇಲೆ ಸೇರಿಸಿದ್ದು ಹೌದೋ ಅಲ್ಲವೋ? ತ್ರಿಯೇಕ ದೇವರ ಮಾತು ನೇರವಾಗಿ ಬರುವ ವಚನ ಅದು. ಫಾಂಡರ್ ಒಪ್ಪಿದರು. ಇಂಥವು ಏಳೆಂಟು ಕಡೆ ಇವೆ, ಆದರೆ ಮೂಲ ಸಂದೇಶಕ್ಕೆ ಧಕ್ಕೆ ಇಲ್ಲ ಎಂದರು. ಪಾಠಭೇದ ಎಂಬುದು ಅವರಿಗೆ ನಕಲುಗಾರನ ಕೈತಪ್ಪು. ಎದುರಿನವರಿಗೆ ಅದು ‘ತಹ್ರೀಫ್’, ಗ್ರಂಥ ಕೆಟ್ಟಿದೆ ಎಂಬುದಕ್ಕೆ ಪಾದ್ರಿಯ ಬಾಯಿಂದಲೇ ಬಂದ ಸಾಕ್ಷಿ. ಪಂಪಭಾರತದ ಪಾಠಾಂತರಗಳ ಬಗ್ಗೆ ಜಗಳವಾಡಿದ ನಮಗೆ ಈ ಎರಡರ ನಡುವಿನ ಅಂತರ ಅರ್ಥವಾಗಬೇಕು. ಒಂದೇ ಸಂಗತಿ, ಎರಡು ಹೆಸರು.

ಗೆದ್ದವರು ಯಾರು? ಎರಡೂ ಕಡೆಯಿಂದ ವರದಿಗಳು ಅಚ್ಚಾದವು. ಎರಡರಲ್ಲೂ ಅವರವರು ಗೆದ್ದಿದ್ದರು. ವಾಟ್ಸಾಪ್ ಒಂದು ಇರಲಿಲ್ಲ, ಅಷ್ಟೆ.

1857ರ ದಂಗೆಯ ನಂತರ ರಹ್ಮತುಲ್ಲಾ ಮೆಕ್ಕಾಗೆ ತಪ್ಪಿಸಿಕೊಂಡು ಹೋದರು. ವಜೀರ್ ಖಾನ್ ಕೂಡ ಆ ಕಡೆಗೇ ಹೋದರು. ಫಾಂಡರ್ 1858ರಲ್ಲಿ ಇಸ್ತಾಂಬುಲ್‌ಗೆ ಹೋದರು. ಅಲ್ಲೂ ಅದೇ ಪ್ರಚಾರ. ಒಟ್ಟೊಮನ್ ಸುಲ್ತಾನರು 1864ರಲ್ಲಿ ರಹ್ಮತುಲ್ಲಾರನ್ನು ಕರೆಸಿಕೊಂಡರು. ಅದೇ ವರ್ಷ ಅವರು ಅರಬಿಯಲ್ಲಿ ‘ಇಜ್‌ಹಾರುಲ್ ಹಕ್’ ಬರೆದರು. ಫಾಂಡರ್ ಮರುವರ್ಷ ತೀರಿಕೊಂಡರು. ಎರಡನೇ ಸುತ್ತು ನಡೆಯಲೇ ಇಲ್ಲ.

ಆದರೆ ಪುಸ್ತಕ ನಡೆಯಿತು. ಸೂರತ್ ಕಡೆಯಿಂದ ದಕ್ಷಿಣ ಆಫ್ರಿಕಾಕ್ಕೆ ವಲಸೆ ಹೋದ ಅಹ್ಮದ್ ದೀದತ್ ಎಂಬ ಹುಡುಗ ಒಂದು ಕ್ರೈಸ್ತ ಮಿಶನ್ ಪಕ್ಕದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಿಶನ್ ವಿದ್ಯಾರ್ಥಿಗಳು ಬಂದು ಧರ್ಮದ ಬಗ್ಗೆ ಕೆಣಕುತ್ತಿದ್ದರು, ಇವನಿಗೆ ಉತ್ತರ ಹೊಳೆಯುತ್ತಿರಲಿಲ್ಲ. ಅಂಗಡಿಯ ಸಾಮಾನು ಕೋಣೆಯಲ್ಲಿ ‘ಇಜ್‌ಹಾರುಲ್ ಹಕ್’ ಸಿಕ್ಕಿತು. ಅಲ್ಲಿಂದ ಬೆಳೆದ ದೀದತ್ 1986ರಲ್ಲಿ ಅಮೆರಿಕದ ಟೀವಿ ಪ್ರಚಾರಕ ಜಿಮ್ಮಿ ಸ್ವಾಗರ್ಟ್ ಜೊತೆ ನಡೆಸಿದ ವಾದದ ವಿಡಿಯೋ ಕ್ಯಾಸೆಟ್ಟು ಊರೂರು ಸುತ್ತಿತು. ವಿಷಯ, ಬೈಬಲ್ ದೇವರ ಮಾತೇ? ಆಗ್ರಾದ ಪ್ರಶ್ನೆಯೇ. ಈಗ ನಿಮ್ಮ ಮೊಬೈಲಿಗೆ ಬರುವ ತುಣುಕಿನ ವಂಶಾವಳಿ ಇದು.

ಅದೇ ಕಾಲದಲ್ಲಿ ಇನ್ನೊಂದು ದಾರಿಯೂ ಇತ್ತು. ಸರ್ ಸೈಯದ್ ಅಹ್ಮದ್ ಖಾನ್ 1862ರಿಂದ ಬೈಬಲಿಗೆ ಒಂದು ವ್ಯಾಖ್ಯಾನ ಬರೆಯಲು ಹೊರಟರು. ಖಂಡನೆ ಅಲ್ಲ, ಒಬ್ಬ ಮುಸ್ಲಿಂ ಓದುಗನ ವ್ಯಾಖ್ಯಾನ. ಎರಡೂ ಕಡೆಯವರಿಗೆ ಅದು ಹಿಡಿಸಲಿಲ್ಲ. ಪೂರ್ತಿಯಾಗಲೂ ಇಲ್ಲ. ಅದರ ತುಣುಕು ಯಾರೂ ಹಂಚಿಕೊಳ್ಳುವುದಿಲ್ಲ ಬಿಡಿ, ಅದರಲ್ಲಿ ಯಾರ ಬಾಯಿಯೂ ಮುಚ್ಚಿಲ್ಲ.

ಹಳೆಯ ಪತ್ರ ತಪ್ಪು ವಿಳಾಸಕ್ಕೆ ಹೋದರೆ ಏನಾಗುತ್ತದೆ ಎಂದು ಜಗತ್ತು ನೋಡಿದ್ದು 2006ರ ಸೆಪ್ಟೆಂಬರ್ 12ರಂದು. ಪೋಪ್ 16ನೇ ಬೆನೆಡಿಕ್ಟ್ ಜರ್ಮನಿಯ ರೇಗನ್ಸ್‌ಬುರ್ಗ್ ವಿಶ್ವವಿದ್ಯಾಲಯದಲ್ಲಿ ನಂಬಿಕೆ ಮತ್ತು ವಿವೇಕದ ಬಗ್ಗೆ ಮಾತಾಡುತ್ತ ಬೈಜಾಂಟೈನ್ ದೊರೆ ಎರಡನೇ ಮ್ಯಾನುಯೆಲ್‌ನ ಒಂದು ವಾಕ್ಯ ಎತ್ತಿ ಹೇಳಿದರು. ಪ್ರವಾದಿಯನ್ನು ಹೀನಾಯವಾಗಿ ಟೀಕಿಸುವ ವಾಕ್ಯ. 1391ರ ಚಳಿಗಾಲದಲ್ಲಿ ಮ್ಯಾನುಯೆಲ್ ಅಂಕಾರಾದಲ್ಲಿ, ಒಟ್ಟೊಮನ್ ಸುಲ್ತಾನನ ಸಾಮಂತನಾಗಿ, ಒಬ್ಬ ಮುಸ್ಲಿಂ ವಿದ್ವಾಂಸನ ಜೊತೆ ಮಾತಾಡಿದ್ದನ್ನು ಆಮೇಲೆ ಗ್ರೀಕ್‌ನಲ್ಲಿ ಬರೆದಿಟ್ಟದ್ದು. ತನ್ನವರಿಗಾಗಿ ಬರೆದದ್ದು. ಪೋಪ್ ಕೂಡ ಹೇಳಿದ್ದು ಪ್ರೊಫೆಸರುಗಳ ಸಭೆಯಲ್ಲಿ. ಆದರೆ ಪೋಪ್ ಬಾಯಿಂದ ಬಂದ ಮಾತಿಗೆ ಈಗ ಮಠದ ಗೋಡೆ ಇಲ್ಲ. ಪ್ಯಾಲೆಸ್ಟೀನಿನಲ್ಲಿ ಚರ್ಚುಗಳ ಮೇಲೆ ದಾಳಿಯಾಯಿತು. ಐದೇ ದಿನಕ್ಕೆ, ಸೆಪ್ಟೆಂಬರ್ 17ರಂದು ಸೊಮಾಲಿಯಾದಲ್ಲಿ ಇಟಲಿಯ ಒಬ್ಬ ಸನ್ಯಾಸಿನಿಯನ್ನು ಗುಂಡಿಕ್ಕಿ ಕೊಂದರು. ಅದು ಪೋಪ್ ಮಾತಿಗೆ ಪ್ರತೀಕಾರ ಎಂದೇ ಬಹಳ ಜನ ಭಾವಿಸಿದರು.

ಉತ್ತರವಾಗಿ ಬಂದ ಪತ್ರ ಬೇರೆ ಬಗೆಯದ್ದು. ಒಂದು ತಿಂಗಳಿಗೆ 38 ಮುಸ್ಲಿಂ ವಿದ್ವಾಂಸರು ಪೋಪ್‌ಗೆ ಬಹಿರಂಗ ಪತ್ರ ಬರೆದರು. ಒಂದು ವರ್ಷದ ನಂತರ, 2007ರ ಅಕ್ಟೋಬರ್ 13ರಂದು, ಜೋರ್ಡಾನಿನಿಂದ 138 ಜನರ ಸಹಿಯ ಇನ್ನೊಂದು ಪತ್ರ ಹೊರಟಿತು. ಹೆಸರು ಕುರಾನಿನ 3ನೇ ಅಧ್ಯಾಯದ 64ನೇ ವಾಕ್ಯದಿಂದ: ಗ್ರಂಥದವರೇ, ನಮಗೂ ನಿಮಗೂ ಸಮಾನವಾದ ಒಂದು ಮಾತಿನ ಕಡೆ ಬನ್ನಿ. ಮುಸ್ಲಿಂ ಪರಂಪರೆಯ ಪ್ರಕಾರ ಪ್ರವಾದಿ ಮುಹಮ್ಮದರು ಬೈಜಾಂಟೈನ್ ದೊರೆ ಹೆರಾಕ್ಲಿಯಸ್‌ಗೆ ಕಳಿಸಿದ ಪತ್ರದಲ್ಲೂ ಇದೇ ವಾಕ್ಯವಿತ್ತು. ದೇವರನ್ನು ಪ್ರೀತಿಸು, ನೆರೆಯವರನ್ನು ಪ್ರೀತಿಸು, ಇವೆರಡು ನಮ್ಮಿಬ್ಬರಲ್ಲೂ ಇವೆ ಎಂಬುದು ಪತ್ರದ ತಿರುಳು. ನನಗೆ ಮುಖ್ಯವಾಗಿ ಕಂಡದ್ದು ಸಹಿಗಳು. ಸುನ್ನಿ, ಶಿಯಾ, ಇಬಾದಿ ವಿದ್ವಾಂಸರು ಒಂದೇ ಕಾಗದದ ಕೆಳಗೆ ಸೇರಿದ್ದೇ ವಿರಳ. ವಿಳಾಸ ಪೋಪ್ ಮತ್ತು ಇತರ ಸಭೆಗಳ ಮುಖ್ಯಸ್ಥರದ್ದು. ಆದರೆ ತಮ್ಮ ಕಡೆಯ ಯುವಕರೂ ಓದಲಿ ಎಂದು ಬರೆದದ್ದು ಸ್ಪಷ್ಟ. ವಿಳಾಸದಲ್ಲಿ ಒಬ್ಬರು, ಓದುಗ ಇನ್ನೊಬ್ಬ ಎಂಬ ಹಳೆಯ ಚಾಳಿಯೇ ಇಲ್ಲಿ ಒಳ್ಳೆಯ ಕೆಲಸಕ್ಕೆ ಬಂದಿತ್ತು.

2019ರ ಫೆಬ್ರವರಿ 4ರಂದು ಪೋಪ್ ಫ್ರಾನ್ಸಿಸ್ ಮತ್ತು ಕೈರೋದ ಅಲ್ ಅಝರ್ ವಿದ್ಯಾಕೇಂದ್ರದ ಇಮಾಮ್ ಅಹ್ಮದ್ ಅಲ್ ತಯ್ಯಿಬ್ ಅಬುಧಾಬಿಯಲ್ಲಿ ಜೊತೆಯಾಗಿ ಒಂದು ದಸ್ತಾವೇಜಿಗೆ ಸಹಿ ಹಾಕಿದರು. ಇದು ಒಬ್ಬರು ಇನ್ನೊಬ್ಬರಿಗೆ ಬರೆದದ್ದಲ್ಲ, ಇಬ್ಬರೂ ಸೇರಿ ಬರೆದದ್ದು. ಮೆಚ್ಚಬೇಕು. ಅರಮನೆಯ ಬೆಳಕಿನಲ್ಲಿ ಹಾಕಿದ ಸಹಿ ಓಣಿಗೆ ಎಷ್ಟು ತಲುಪಿತು ಎಂದೂ ಕೇಳಬೇಕು.

ಓಣಿಯ ಬರಹದ ಒಂದು ಕತೆ ಉಳಿದಿದೆ. 2014ರ ಜೂನ್‌ನಲ್ಲಿ ಐಸಿಸ್ ಮೋಸುಲ್ ಹಿಡಿಯಿತು. ಜುಲೈನಲ್ಲಿ ಕ್ರೈಸ್ತರ ಮನೆಗಳ ಗೋಡೆ ಮೇಲೆ ಒಂದು ಅಕ್ಷರ ಬರೆದರು. ‘ನೂನ್’. ಅರಬಿಯ ನ. ಬಟ್ಟಲಿನಂಥ ಆಕಾರ, ಮೇಲೆ ಒಂದು ಚುಕ್ಕಿ. ನಸ್ರಾನಿ, ಅಂದರೆ ಕ್ರೈಸ್ತ, ಎಂಬ ಪದದ ಮೊದಲ ಅಕ್ಷರ. ಮತ ಬದಲಿಸಿ, ಜಿಜಿಯಾ ಕೊಡಿ ಅಥವಾ ಊರು ಬಿಡಿ, ಇಲ್ಲವಾದರೆ ಕತ್ತಿ ಎಂದರು. ಜನ ಉಟ್ಟ ಬಟ್ಟೆಯಲ್ಲಿ ಹೊರಟರು. ತಿಮೊಥೆಯರ ಸಭೆಯ ಮಕ್ಕಳು, ಅಬೂ ನೂಹ್ ಕೆಲಸ ಮಾಡಿದ ಊರಿನವರು. ಈ ಇಡೀ ಚರಿತ್ರೆಯ ಅತಿ ಚಿಕ್ಕ ಬರಹ ಅದು.

ಕೆಲವೇ ದಿನಗಳಲ್ಲಿ ಅದೇ ಅಕ್ಷರ ಬೇರೆ ಕಡೆಗಳಲ್ಲಿ ಕಾಣಿಸಿತು. ಟೀಶರ್ಟ್‌ಗಳ ಮೇಲೆ, ಫೇಸ್‌ಬುಕ್ಕಿನ ಚಿತ್ರಗಳಲ್ಲಿ. ಹಾಕಿಕೊಂಡವರಲ್ಲಿ ಕ್ರೈಸ್ತರಿದ್ದರು, ಮುಸ್ಲಿಮರೂ ಇದ್ದರು. ಲೆಬನಾನಿನ ಟೀವಿಯ ಸುದ್ದಿ ವಾಚಕಿಯೊಬ್ಬರು ಎದೆಯ ಮೇಲೆ ಆ ಅಕ್ಷರ ಹಾಕಿಕೊಂಡು, ಮೋಸುಲ್‌ನಿಂದ ಬೇರೂತ್‌ವರೆಗೆ ನಾವೆಲ್ಲ ‘ನೂನ್’ ಎಂದು ಹೇಳಿ ಆ ದಿನದ ವಾರ್ತೆ ಶುರು ಮಾಡಿದರು.